ಏಳನೇ ತರಗತಿಯ ಒಂದು ವಾರ ಮತ್ತು ಕೆರೆ ಏರಿಯ ವೀರಗಲ್ಲು

ನಿವೃತ್ತನಾದ ಮೇಲೆ ಹಳೆಯ ವಿದ್ಯಾರ್ಥಿಗಳು ಸಿಕ್ಕಾಗ ಕೆಲವರು ಕೇಳುವುದುಂಟು: “ಸಾರ್, ಇಷ್ಟು ವರ್ಷ ಪಾಠ ಮಾಡಿದಿರಲ್ಲ, ನಿಮಗೆ ತೃಪ್ತಿ ಕೊಟ್ಟ ಪಾಠ ಯಾವುದು?” ಪ್ರೌಢಶಾಲೆಯಲ್ಲಿ ಮೂವತ್ತೈದು ವರ್ಷ ಸಮಾಜ ವಿಜ್ಞಾನ ಬೋಧಿಸಿದವನು ನಾನು. ಆದರೂ ಈ ಪ್ರಶ್ನೆಗೆ ನನ್ನ ಮನಸ್ಸಿಗೆ ಬರುವುದು ಪ್ರೌಢಶಾಲೆಯ ಪಾಠವಲ್ಲ. 1996ರ ನವೆಂಬರ್ ತಿಂಗಳಲ್ಲಿ ಅನಿರೀಕ್ಷಿತವಾಗಿ ನನ್ನ ಪಾಲಿಗೆ ಬಂದ ಏಳನೇ ತರಗತಿಯ ಒಂದು ವಾರ. ತೃಪ್ತಿ ಎಂಬ ಮಾತನ್ನು ಅದಕ್ಕೆ ಪೂರ್ತಿಯಾಗಿ ಅನ್ವಯಿಸಲು ಮಾತ್ರ ಸಂಕೋಚವಾಗುತ್ತದೆ. ಆ ವಾರದಲ್ಲಿ ಸಂತೋಷವಿತ್ತು, ಅದರ ಬೆನ್ನಿಗೇ ಪಶ್ಚಾತ್ತಾಪವೂ ಇತ್ತು. ಎರಡನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಆಗ ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದೆ. ನಮ್ಮ ಪ್ರೌಢಶಾಲೆಯೂ ಪಕ್ಕದ ಮಾಧ್ಯಮಿಕ ಶಾಲೆಯೂ ಒಂದೇ ಆವರಣದಲ್ಲಿದ್ದವು. ಅಲ್ಲಿನ ಮೇಷ್ಟ್ರು ಮಗಳ ಮದುವೆಗೆಂದು ರಜೆ ಹಾಕಿದರು. “ಒಂದು ವಾರ ನೀವು ನೋಡಿಕೊಳ್ಳಿ” ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ ನಾನು ಅಷ್ಟೇನೂ ಉತ್ಸಾಹದಿಂದ ಒಪ್ಪಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಯ ಚಿಂತೆಯಲ್ಲಿದ್ದವನಿಗೆ ಏಳನೆಯ ತರಗತಿ ಬಿಡುವಿನ ವೇಳೆಯನ್ನು ಕಸಿಯುವ ಹೊರೆಯಾಗಿ ಕಂಡಿತ್ತು.

ಸೋಮವಾರ ಪಠ್ಯದಲ್ಲಿ ಗಂಗರ ಪಾಠವಿತ್ತು. ತಲಕಾಡಿನ ರಾಜಧಾನಿ, ದುರ್ವಿನೀತ, ಶ್ರೀಪುರುಷ, ಬೂತುಗ, ಮಾರಸಿಂಹ, ಚಾವುಂಡರಾಯ ಮಾಡಿಸಿದ ಶ್ರವಣಬೆಳಗೊಳದ ಗೊಮ್ಮಟ. ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಕಪ್ಪು ಹಲಗೆಯ ಮೇಲೆ ಬರೆದು ಮುಗಿಸಿದೆ. ಮಕ್ಕಳು ತಲೆ ಬಗ್ಗಿಸಿ ನಕಲು ಮಾಡಿಕೊಂಡರು. “ಏನಾದರೂ ಕೇಳುವುದಿದೆಯೇ?” ಎಂದು ಪದ್ಧತಿಯಂತೆ ಕೇಳಿದೆ. ಯಾರೂ ಕೇಳುವುದಿಲ್ಲವೆಂಬ ನಂಬಿಕೆಯಿಂದಲೇ ನಾವು ಅಧ್ಯಾಪಕರು ಈ ಪ್ರಶ್ನೆಯನ್ನು ಕೇಳುತ್ತೇವೆ. ಅಂದು ಮೊದಲ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು.

“ಸಾ, ಇದನ್ನೆಲ್ಲ ನೋಡ್ದೋರು ಯಾರು? ಅವ್ರು ಸತ್ತು ಸಾವ್ರ ವರ್ಷ ಆಯ್ತು ಅಂತೀರ. ನಮ್ಗೆ ಹೆಂಗೆ ಗೊತ್ತಾಯ್ತು?”

“ಶಾಸನಗಳಿಂದ” ಎಂದೆ. ಶಾಸನವೆಂದರೇನು ಎಂದು ತರಗತಿಯನ್ನು ಕೇಳಿದೆ. ಕಲ್ಲು, ಲೋಹ ಮೊದಲಾದವುಗಳ ಮೇಲೆ ಕೊರೆದ ಬರಹವೆಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ಕನ್ನಡದ ಮೊದಲ ಶಾಸನ ಯಾವುದೆಂದರೆ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವೆಂದು ತಡೆಯಿಲ್ಲದೆ ಉತ್ತರ ಬಂತು. (ತಾಳಗುಂದದಲ್ಲಿ ಆಮೇಲೆ ದೊರೆತ ಬರಹ ಅದಕ್ಕೂ ಹಿಂದಿನದೆಂದು ಹೇಳುವ ವಿದ್ವಾಂಸರು ಈಗ ಇದ್ದಾರೆ.) “ನಿಮ್ಮಲ್ಲಿ ಯಾರಾದರೂ ಶಾಸನವನ್ನು ಕಣ್ಣಾರೆ ಕಂಡಿದ್ದೀರಾ?” ಎಂದೆ. ಮೌನ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಅನುಮಾನಿಸುತ್ತಲೇ ಹೇಳಿದ: “ಕೆರೆ ಏರಿ ಮೇಲೆ ಈರಣ್ಣನ ಕಲ್ಲು ಐತಲ್ಲ ಸಾ, ಅದ್ರಾಗೆ ಏನೋ ಗೀಚವ್ರೆ.”

ಆ ಊರಿನಲ್ಲಿ ನಾಲ್ಕು ವರ್ಷ ಇದ್ದೆ. ಆ ಕಲ್ಲಿನ ಮುಂದೆಯೇ ಸಂಜೆ ವಾಯುವಿಹಾರಕ್ಕೆ ಹೋಗುತ್ತಿದ್ದೆ. ಒಂದು ದಿನವೂ ನಿಂತು ನೋಡಿರಲಿಲ್ಲ.

ಅಂದು ರಾತ್ರಿ ಪಠ್ಯಪುಸ್ತಕವನ್ನು ಬದಿಗಿಟ್ಟು, ವಾರದ ಪಾಠವನ್ನು ಹೊಸದಾಗಿ ಯೋಜಿಸಿದೆ. ಬೆಂಜಮಿನ್ ಲೂಯಿ ರೈಸ್ ನೆನಪಾದರು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಮೊದಲು ಶಾಲೆಯ ಮೇಷ್ಟ್ರು, ಆಮೇಲೆ ಶಾಲಾ ತನಿಖಾಧಿಕಾರಿ. ಶಾಲೆಗಳನ್ನು ನೋಡಲು ಮೈಸೂರು ಸಂಸ್ಥಾನದ ಹಳ್ಳಿಹಳ್ಳಿ ಸುತ್ತುವಾಗಲೇ ಅವರ ಕಣ್ಣು ಈ ಕಲ್ಲುಗಳ ಮೇಲೆ ಬಿದ್ದದ್ದು. 1886ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ಬಂತು, ಕಡೆಗೆ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಬೆಳಕು ಕಂಡವು. ನಾವಿಂದು ಗಂಗರು, ಹೊಯ್ಸಳರು ಎಂದು ವಿಶ್ವಾಸದಿಂದ ಹೇಳುವ ಎಷ್ಟೋ ಸಂಗತಿಗಳ ಬುಡದಲ್ಲಿರುವುದು ಶಾಲೆಗಳ ಲೆಕ್ಕ ಕೇಳಲು ಹೊರಟ ಒಬ್ಬ ಅಧಿಕಾರಿಯ ಕುತೂಹಲ. ಈ ಸಂಗತಿಯನ್ನು ಮರುದಿನ ಹೇಳಿದಾಗ ಮಕ್ಕಳಿಗೆ ಬಹಳ ಸೋಜಿಗವಾಯಿತು. ಇನ್‌ಸ್ಪೆಕ್ಟರು ಬಂದರೆ ಶಾಲೆಗೆ ಸುಣ್ಣ ಬಳಿಯುವುದನ್ನಷ್ಟೇ ಅವರು ಕಂಡಿದ್ದರು!

ಮಂಗಳವಾರ ಹಲಗೆಯ ಮೇಲೆ ದೊಡ್ಡದೊಂದು ವೀರಗಲ್ಲಿನ ಚಿತ್ರ ಬರೆದೆ. ಸಾಮಾನ್ಯವಾಗಿ ಅದಕ್ಕೆ ಮೂರು ಅಂತಸ್ತು. ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಕೆಯಲ್ಲಿ ವೀರನ ಹೋರಾಟ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಒಯ್ಯುತ್ತಿರುವುದು. ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವುದು. ಜೈನನಾಗಿದ್ದರೆ ಅಲ್ಲಿ ಜಿನಬಿಂಬ. ತುದಿಯಲ್ಲಿ ಸೂರ್ಯ, ಚಂದ್ರ: ಅವರಿರುವವರೆಗೂ ಈ ಕೀರ್ತಿ ಇರಲಿ ಎಂಬ ಆಶಯ. ಪಟ್ಟಿಕೆಗಳ ನಡುವಿನ ಅಂಚುಗಳಲ್ಲಿ ಬರಹ. ಆತ ಸತ್ತದ್ದು ಏಕೆ? ದೊರೆಗಾಗಿ ಯುದ್ಧದಲ್ಲಿ ಸತ್ತವರು ಹಲವರು. ಆದರೆ ನಮ್ಮ ನಾಡಿನ ಬಹುಪಾಲು ವೀರಗಲ್ಲುಗಳು ಹೇಳುವುದು ಊರಿನ ಕಥೆಯನ್ನು. ದನಗಳನ್ನು ಹೊಡೆದುಕೊಂಡು ಹೋಗುವ ‘ತುಱುಗೋಳ್’, ಹೆಣ್ಣುಮಕ್ಕಳ ಮೊರೆ ಕೇಳಿ ನುಗ್ಗಿದ ‘ಪೆಣ್ಬುಯ್ಯಲ್’, ಊರನ್ನು ಹಾಳುಗೆಡಹುವ ‘ಊರಳಿವು’, ಗಡಿಯ ಜಗಳ, ಹುಲಿ ಹಂದಿಗಳ ಬೇಟೆ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ‘ಕಲ್ನಾಡು’ ಎಂಬ ಹೆಸರಿತ್ತು.

ದನಕರುಗಳಿರುವ ಮನೆಯ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಲಿಲ್ಲ. “ಹಸ ಹೋದ್ರೆ ಮನೇನೇ ಹೋದಂಗೆ ಸಾ” ಎಂದ ಒಬ್ಬ. ತುಱುಗೋಳ್ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ಗ್ರಂಥದಲ್ಲಿಯೂ ಕಂಡಿಲ್ಲ.

ಬುಧವಾರದ ಪಾಠವನ್ನು ಹೇಳಲು ನನಗೆ ಈಗಲೂ ನಾಚಿಕೆ. ಬೆಂಗಳೂರಿಗೆ ಆ ಹೆಸರು ಹೇಗೆ ಬಂತೆಂದು ಕೇಳಿದೆ. ಇಡೀ ತರಗತಿ ಕೈಯೆತ್ತಿತು. ಹೊಯ್ಸಳ ದೊರೆ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದ, ಹಸಿದ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಬೆಂದಕಾಳೂರು ಬೆಂಗಳೂರಾಯಿತು. ನಾನೂ ಹತ್ತು ವರ್ಷ ಇದೇ ಕಥೆಯನ್ನು ಅಭಿನಯಪೂರ್ವಕವಾಗಿ ಹೇಳಿದವನೇ. ಮುದುಕಿಯ ದನಿಯಲ್ಲಿ ಮಾತಾಡಿದರೆ ಮಕ್ಕಳು ನಗುತ್ತಿದ್ದರು. ಆ ನಗುವಿನ ಆಸೆಗೆ, ಅದು ಕಥೆ ಮಾತ್ರ ಎಂಬ ಮಾತನ್ನು ನುಂಗಿಕೊಳ್ಳುತ್ತಿದ್ದೆ. ನಿಜ ಗೊತ್ತಿರಲಿಲ್ಲವೆಂದೇನಲ್ಲ.

ಅಂದು ನಿಜವನ್ನು ಹೇಳಿದೆ. ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಒಂದು ವೀರಗಲ್ಲಿದೆ. ಗಂಗರ ಕಾಲದ್ದು, ಸುಮಾರು ಕ್ರಿ.ಶ. 890ರದು. ಅಲ್ಲಿನ ಅಧಿಕಾರಿ ನಾಗತ್ತರನ ಕಡೆಯವನಾದ ಬುಟ್ಟಣಸೆಟ್ಟಿ ಎಂಬಾತ ಬೆಂಗಳೂರ ಕಾಳಗದಲ್ಲಿ ಮಡಿದನೆಂದು ಅದರಲ್ಲಿದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. “ಕಳೆಯಿರಿ” ಎಂದೆ. ಮಕ್ಕಳು 1173ರಿಂದ 890ನ್ನು ಕಳೆದರು. 283. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಮೊದಲ ಸಾಲಿನ ಹುಡುಗಿ, “ಹಂಗಾದ್ರೆ ಅಜ್ಜಿ ಕಾಳು ಬೇಯ್ಸೋಕೆ ಮುಂಚೇನೇ ಊರಿಗೆ ಹೆಸ್ರಿತ್ತು” ಎಂದಳು. ಹಿಂದಿನಿಂದ ಇನ್ನೊಬ್ಬ, “ಮತ್ತೆ ನೀವೇ ನಮ್ಮಣ್ಣಂಗೆ ಆ ಕಥೆ ಹೇಳಿದ್ರಂತೆ ಸಾ?” ಎಂದ. ಹೌದು, ಹೇಳಿದ್ದೆ, ತಪ್ಪು ಮಾಡಿದೆ ಎಂದೆ. ಮೇಷ್ಟ್ರು ತಪ್ಪೊಪ್ಪಿಕೊಂಡದ್ದನ್ನು ಆ ಮಕ್ಕಳು ಬಹುಶಃ ಮೊದಲ ಬಾರಿಗೆ ಕಂಡಿರಬೇಕು. ಅವರಲ್ಲಿ ಯಾರೂ ನಗಲಿಲ್ಲ.

ಕಥೆಯನ್ನು ಬಿಸಾಡಿ ಎಂದು ಮಾತ್ರ ನಾನು ಹೇಳಲಿಲ್ಲ. ಜನ ತಮ್ಮ ಊರಿನ ಹೆಸರಿಗೆ ಅರ್ಥ ಹುಡುಕಿದ ರೀತಿ ಅದು. ಹಸಿದವನಿಗೆ ಅನ್ನವಿಟ್ಟ ಬಡವಿಯ ಹೆಸರಿನಲ್ಲಿ ಊರು ಉಳಿಯಲೆಂದು ಬಯಸಿದರಲ್ಲ, ಅದು ಜನರ ಮನಸ್ಸಿನ ಚರಿತ್ರೆ. ಊರಿನ ಚರಿತ್ರೆ ಕಲ್ಲಿನಲ್ಲಿದೆ. ಎರಡನ್ನೂ ಇಟ್ಟುಕೊಳ್ಳಬಹುದು, ಬೆರೆಸಬಾರದು.

ಗುರುವಾರ ಆತಕೂರಿನ ಸರದಿ. ಮದ್ದೂರು ತಾಲ್ಲೂಕಿನ ಆ ಊರು ನಮಗೆ ದೂರದ್ದೇನಲ್ಲ. ಒಬ್ಬ ಹುಡುಗನ ಸೋದರಮಾವನ ಮನೆ ಅದರ ಹತ್ತಿರವೇ ಇತ್ತು. ಅಲ್ಲಿಯ ಪ್ರಸಿದ್ಧ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕ್ರಿ.ಶ. 949–50ರ ಆ ಕಲ್ಲು ‘ಕಾಳಿ’ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ್ದು! ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ಗಂಗರ ಇಮ್ಮಡಿ ಬೂತುಗ ಹೋರಾಡಿದ. ಅವನ ಕಡೆಯ ವೀರ ಮಣಲೇರ ತೋರಿದ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದರೆ, ಆತ ಬೇಡಿದ್ದು ಕಾಳಿಯನ್ನು. ಮುಂದೆ ಬೇಟೆಯಲ್ಲಿ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. ಇಂಥ ಪಾಠಕ್ಕೆ ಗಂಟೆ ಹೊಡೆದದ್ದು ಯಾರಿಗೂ ಕೇಳಿಸುವುದಿಲ್ಲ.

ಅದೇ ಕಲ್ಲಿನಿಂದ ಇನ್ನೊಂದು ಸಂಗತಿಯನ್ನೂ ಹೇಳಿದೆ. ತಕ್ಕೋಲದಲ್ಲಿ ಚೋಳರ ರಾಜಕುಮಾರ ರಾಜಾದಿತ್ಯ ಸತ್ತ. ಆತಕೂರಿನ ಕಲ್ಲಿನಲ್ಲಿ ಅದು ಬೂತುಗನ ಸಾಹಸ. ಚೋಳರ ಶಾಸನಗಳಲ್ಲಿ ರಾಜಾದಿತ್ಯ ‘ಆನೆಯ ಮೇಲೆ ಮಡಿದ ದೇವರು’. ಅಲ್ಲಿ ವೀರ ಅವನೇ. ಯುದ್ಧ ಒಂದೇ, ಬರೆದವರು ಇಬ್ಬರು. ಹಿಂದಿನ ದಿನ ಬೋರ್‌ವೆಲ್ಲಿನ ಹತ್ತಿರ ಹೊಡೆದಾಡಿಕೊಂಡಿದ್ದ ಇಬ್ಬರು ಹುಡುಗರಿಗೆ ಅದರ ವರದಿ ಬರೆಯಲು ಹೇಳಿದೆ. ಇಬ್ಬರ ಬರಹದಲ್ಲೂ ಮೊದಲು ಹೊಡೆದವನು ಎದುರಾಳಿಯೇ. ನೀರು ಹಿಡಿಯುತ್ತಿದ್ದ ಮೂವರು ಹುಡುಗಿಯರ ಹತ್ತಿರ ಬೇರೆಬೇರೆಯಾಗಿ ಬರೆಸಿ ಹೋಲಿಸಿದೆವು. ಕಡೆಗೆ ಹಲಗೆಯ ಮೇಲೆ ಒಂದು ನಿಯಮ ಬರೆದೆ: ಯಾವುದನ್ನಾದರೂ ಬರೆದರೆ ಯಾರು ಬರೆದದ್ದು, ಎಂದು ಬರೆದದ್ದು, ಕಂಡು ಬರೆದದ್ದೋ ಕೇಳಿ ಬರೆದದ್ದೋ ಎಂಬುದನ್ನು ಸೇರಿಸಬೇಕು; ಗೊತ್ತಾಗದ ಕಡೆ ಪ್ರಶ್ನೆಯ ಚಿಹ್ನೆ ಹಾಕಬೇಕು.

ಶುಕ್ರವಾರ ಮಕ್ಕಳು ಈರಣ್ಣನ ಕಲ್ಲಿನ ಬಗ್ಗೆ ಮನೆಯ ಹಿರಿಯರನ್ನು ಕೇಳಿಕೊಂಡು ಬಂದರು. ಮಳೆ ಬಾರದಿದ್ದರೆ ಅದರ ತಲೆಯ ಮೇಲೆ ನೂರೊಂದು ಕೊಡ ನೀರು ಸುರಿಯುತ್ತಿದ್ದರಂತೆ. ಕಳ್ಳರನ್ನು ಅಟ್ಟಿಸಿಕೊಂಡು ಹೋದವನ ಕಲ್ಲಂತೆ. ಅದರ ಬುಡದಲ್ಲಿ ಕೊಪ್ಪರಿಗೆ ತುಂಬ ಹೊನ್ನಿದೆಯಂತೆ. ಕಳ್ಳರ ಮಾತು ತುಱುಗೋಳಿನ ನೆನಪಾಗಿರಬಹುದೆಂದು ನಾನು ಹಿಗ್ಗಿದೆ. ಹೊನ್ನಿನ ಮಾತಿಗೆ ನಕ್ಕು, “ನಾಳೆ ಅಗೆದು ನೋಡೋಣ, ಏನು ಸಿಗುತ್ತದೋ!” ಎಂದುಬಿಟ್ಟೆ. ತಮಾಷೆಯ ಮಾತು. ಆದರೆ ತರಗತಿಯಲ್ಲಿ ಆಡಿದ ಮಾತು ಸಂಜೆಯೊಳಗೆ ನಲವತ್ತು ಮನೆಗಳನ್ನು ಮುಟ್ಟುತ್ತದೆಂಬುದನ್ನು ಮರೆತಿದ್ದೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಕೆರೆ ಏರಿಗೆ ಹೋದೆವು. ಎರಡು ಕಲ್ಲುಗಳು. ವೀರಗಲ್ಲಿನ ಮೇಲಿನ ಎರಡು ಪಟ್ಟಿಕೆಗಳು ಕಾಣುತ್ತಿದ್ದವು, ಮೂರನೆಯದು ಮಣ್ಣಿನಲ್ಲಿತ್ತು. ಗುದ್ದಲಿ, ಮಂಕರಿ ತಂದಿದ್ದೆವು. ಒಂದು ಮೊಳ ಮಣ್ಣು ತೆಗೆದು, ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ ನೀರು ಹನಿಸಿದಾಗ, ಮೊದಲು ಒಂದು ಕೊಂಬು ಕಂಡಿತು. ಆಮೇಲೆ ಒಂದರ ಹಿಂದೊಂದು ನಾಲ್ಕು ಹಸುಗಳು. ಅವುಗಳ ಮುಂದೆ ಬಿಲ್ಲು ಹಿಡಿದ ಒಬ್ಬನೇ ಒಬ್ಬ ಮನುಷ್ಯ. “ಹಸ! ಹಸ!” ಎಂದು ಮಕ್ಕಳು ಕುಣಿದರು. ಅಂಚಿನ ಬರಹ ಬಹಳ ಸವೆದಿತ್ತು. ಅಕ್ಷರಗಳ ದುಂಡು ರೂಪದಿಂದ ಹೊಯ್ಸಳರ ಕಾಲದ್ದಿರಬಹುದೆಂದೆ. ಊಹೆ ಎಂದೇ ಬರೆದುಕೊಳ್ಳಲು ಹೇಳಿದೆ. ‘ತುಱು’ ಎಂಬ ಎರಡಕ್ಷರವನ್ನು, ಈಗ ನಾವು ಬಿಟ್ಟುಕೊಟ್ಟಿರುವ ಆ ಹಳೆಯ ‘ಱ’ಕಾರದೊಂದಿಗೆ, ಬೆರಳಿನಿಂದ ತಡವಿ ಕಂಡುಹಿಡಿದವಳು ಮೊದಲ ಸಾಲಿನ ಹುಡುಗಿಯೇ. ಪ್ರತಿಯೊಬ್ಬರೂ ಕಂಡಷ್ಟನ್ನು ಕಂಡಂತೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಪಕ್ಕದ ಕಲ್ಲು ಚಿಕ್ಕದು. ಕಂಬದಿಂದ ಹೊರಚಾಚಿದ ಒಂದು ತೋಳು, ಮೊಣಕೈ ಮಡಿಸಿ ಮೇಲೆತ್ತಿದ ಅಂಗೈ, ಕೈತುಂಬ ಬಳೆ. ಅದು ಮಾಸ್ತಿಕಲ್ಲು, ಗಂಡನೊಡನೆ ಸಹಗಮನ ಮಾಡಿದ ಮಹಾಸತಿಯ ಕಲ್ಲು, ಬಳೆ ಅವಳ ಮುತ್ತೈದೆತನದ ಗುರುತು ಎಂದು ವಿವರಿಸಿದೆ. 1829ರಲ್ಲಿ ಬೆಂಟಿಂಕನ ಕಾಲದಲ್ಲಿ ಬಂಗಾಳ ಪ್ರಾಂತದಲ್ಲಿ ಈ ಪದ್ಧತಿಯನ್ನು ನಿಷೇಧಿಸಿದ್ದನ್ನೂ ಹೇಳಿದೆ. ಆ ಹುಡುಗಿ ಕಲ್ಲಿನ ಅಂಗೈಯ ಮೇಲೆ ತನ್ನ ಅಂಗೈಯಿಟ್ಟು ಅಳೆದು ನೋಡಿದಳು. ಹೆಚ್ಚು ಕಡಿಮೆ ಒಂದೇ ಅಳತೆ.

“ಸಾ, ಇವಳ್ಗೆ ಸಾಯಕ್ಕೆ ಇಷ್ಟ ಇತ್ತಾ?”

ನನ್ನಲ್ಲಿ ಉತ್ತರವಿರಲಿಲ್ಲ. ಕಲ್ಲುಗಳು ಅವಳನ್ನು ಹೊಗಳುತ್ತವೆ. ಅವಳ ಮಾತನ್ನು ಹೇಳುವುದಿಲ್ಲ. ಗುರುವಾರದ ನಿಯಮದಂತೆ ನೋಡಿದರೆ ಇಲ್ಲಿ ಬರೆಸಿದವರು ಉಳಿದವರು, ಹೋದವಳಲ್ಲ. “ಗೊತ್ತಿಲ್ಲಮ್ಮ, ಪ್ರಶ್ನೆಯ ಚಿಹ್ನೆ ಹಾಕು” ಎಂದೆ. ಅವಳು ಹಾಕಿಕೊಂಡಳು.

ಹೊರಡುವಾಗ ಹೊತ್ತಾಗಿತ್ತು. ತೆಗೆದ ಮಣ್ಣನ್ನು ಮುಚ್ಚದೆ ಬಂದೆವು.

ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಬರುವಷ್ಟರಲ್ಲಿ ಊರಿನ ಐದಾರು ಹಿರಿಯರು ಮುಖ್ಯೋಪಾಧ್ಯಾಯರ ಕೋಣೆಯ ಮುಂದೆ ನಿಂತಿದ್ದರು. ಭಾನುವಾರ ರಾತ್ರಿ ಯಾರೋ ಕಲ್ಲಿನ ಬುಡವನ್ನು ಆಳುದ್ದ ಅಗೆದಿದ್ದರು. ಕಲ್ಲು ಉರುಳಿ ಎರಡು ತುಂಡಾಗಿತ್ತು. ಯಾರೆಂಬುದು ಕೊನೆಗೂ ತಿಳಿಯಲಿಲ್ಲ. ಆದರೆ ಹೊನ್ನಿನ ಆಸೆಗೆ ಗುಂಡಿಯ ಮೊದಲ ಮೊಳವನ್ನು ತೋಡಿಕೊಟ್ಟವನು ನಾನು ಎಂಬುದರಲ್ಲಿ ಸಂಶಯವಿರಲಿಲ್ಲ. ಅವರಲ್ಲಿ ಎಲ್ಲರಿಗಿಂತ ಹಿರಿಯರಾದ ಗೌಡರು ಕೂಗಾಡಲಿಲ್ಲ. “ಮೇಷ್ಟ್ರೇ, ನೀವು ಓದ್ದೋರು. ನಮ್ಗೆ ಅದ್ರಲ್ಲಿ ಏನು ಬರ್ದೈತೆ ಅಂತ ಗೊತ್ತಿರಲಿಲ್ಲ, ನಿಜ. ಆದ್ರೂ ಇಷ್ಟು ಕಾಲ ಮಡಿಕ್ಕಂಡಿದ್ವಿ. ಗುದ್ದಲಿ ಹಾಕೋ ಮುಂಚೆ ನಮ್ಮನ್ನೊಂದು ಮಾತು ಕೇಳ್ಬೇಕಾಗಿತ್ತು” ಎಂದಷ್ಟೇ ಹೇಳಿದರು.

ಕೈಮುಗಿದು ತಪ್ಪಾಯಿತೆಂದೆ. ಬೇರೆ ಏನು ಹೇಳಲಿ? ನೆಲದಡಿಯ ನಿಧಿಗೆ 1878ರಿಂದಲೇ ಕಾನೂನಿದೆಯೆಂಬುದನ್ನಾಗಲಿ, ಕಲ್ಲು ನಿಲ್ಲಿಸಿದವರು ಬುಡದಲ್ಲಿ ಹೊನ್ನು ಹೂಳುವಷ್ಟು ಸಿರಿವಂತರಾಗಿರಲಿಲ್ಲವೆಂಬುದನ್ನಾಗಲಿ ಮೊದಲೇ ಊರವರ ಮುಂದೆ ಕುಳಿತು ಹೇಳಬಹುದಿತ್ತು. ಹೇಳಿರಲಿಲ್ಲ. ಮಕ್ಕಳಿಗೆ ಕಲ್ಲನ್ನು ಓದಲು ಕಲಿಸಿದೆ. ಕಲ್ಲಿಗೆ ಒಡೆಯರಿದ್ದಾರೆಂಬುದನ್ನು ನಾನೇ ಕಲಿತಿರಲಿಲ್ಲ.

ಊರವರು ಭಕ್ತಿಯಿಂದ ಎರಡು ತುಂಡುಗಳನ್ನೂ ಜೋಡಿಸಿ ಸಿಮೆಂಟ್ ಹಾಕಿ ನಿಲ್ಲಿಸಿದರು. ಬಿರುಕು ಹೋದದ್ದು ಬರಹದ ಸಾಲಿನಲ್ಲಿಯೇ ಆದ್ದರಿಂದ ಅಕ್ಷರಗಳೆಲ್ಲ ಸಿಮೆಂಟಿನಡಿ ಸೇರಿದವು. ಹಸುಗಳು ಮಾತ್ರ ಈಗಲೂ ಕಾಣುತ್ತವೆ.

ಆ ವರ್ಷದ ಕೊನೆಯಲ್ಲಿ ಮೊದಲ ಸಾಲಿನ ಹುಡುಗಿಯನ್ನು ಕರೆದು, ಅಂದು ಬರೆದುಕೊಂಡ ಹಾಳೆಯನ್ನು ಕೊಡುತ್ತೀಯಾ ಎಂದು ಕೇಳಿದೆ. “ಕೊಡಲ್ಲ ಸಾ, ಬೇಕಾದ್ರೆ ನೋಡಿ ಬರ್ಕೊಡ್ತೀನಿ” ಎಂದಳು. ಬರೆದುಕೊಟ್ಟಳು. ಕೆಲವು ವರ್ಷಗಳ ತರುವಾಯ ಅದನ್ನು ಶಾಸನ ಬಲ್ಲ ವಿದ್ವಾಂಸರೊಬ್ಬರಿಗೆ ತೋರಿಸಿದೆ. ‘ತುಱು’ ಸರಿಯಾಗಿದೆಯೆಂದರು, ವೀರನ ಹೆಸರಿರಬೇಕಾದ ಜಾಗ ಕಲ್ಲಿನಲ್ಲೇ ಸವೆದುಹೋಗಿದ್ದಿರಬೇಕೆಂದರು. ಊರಿಗಾಗಿ ಸತ್ತವನ ಹೆಸರು ಇನ್ನು ಯಾರಿಗೂ ತಿಳಿಯಲಾರದು.

ಈಗ ಕಾಲ ಬದಲಾಗಿದೆ. ಸುಮಾರು ಕ್ರಿ.ಶ. 750ರದೆನ್ನಲಾದ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂದಾಗ ಅದನ್ನು ಉಳಿಸಲು ಆಸಕ್ತರೂ ಸ್ಥಳೀಯರೂ ಒಟ್ಟಾಗಿ ನಿಂತರು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಡುತ್ತಿದ್ದಾರೆಂದು ಓದಿ ಸಂತೋಷಪಟ್ಟಿದ್ದೇನೆ. ಕಲ್ಲನ್ನು ಮುಟ್ಟದೆಯೇ ಅಕ್ಷರ ಉಳಿಸುವ ಉಪಾಯ ಅಂದು ನಮ್ಮ ಕೈಯಲ್ಲಿರಲಿಲ್ಲ. ಆದರೆ ಊರವರನ್ನು ಒಂದು ಮಾತು ಕೇಳಲು ಯಾವ ಯಂತ್ರವೂ ಬೇಕಿರಲಿಲ್ಲ. ಮುಂದೆ ನಾನು ಮಕ್ಕಳನ್ನು ಕರೆದುಕೊಂಡು ಹೋದ ಪ್ರತಿಯೊಂದು ಊರಿನಲ್ಲಿಯೂ ಮೊದಲು ಹಿರಿಯರ ಜಗಲಿಗೆ ಹೋಗಿ ಕುಳಿತು, ಆಮೇಲೆ ಕಲ್ಲಿನ ಹತ್ತಿರ ಹೋಗುತ್ತಿದ್ದೆ. ಗುದ್ದಲಿಯನ್ನು ಮತ್ತೆ ಮುಟ್ಟಲಿಲ್ಲ.

ಆ ಹಾಳೆ ನನ್ನ ಮೇಜಿನ ಮೇಲಿದೆ. ನಾಲ್ಕೂವರೆ ಸಾಲು ಅಕ್ಷರ, ನಡುವೆ ಹನ್ನೊಂದು ಕಡೆ ಪ್ರಶ್ನೆಯ ಚಿಹ್ನೆ. ಕೆಳಗೆ ಅವಳ ಹೆಸರು, ತರಗತಿ, ತಾರೀಖು. ಅದರ ಪಕ್ಕದಲ್ಲಿ, ನಾನು ಹೇಳದೆಯೇ ಅವಳು ಸೇರಿಸಿದ ಒಂದು ಸಾಲು: “ಕೇಳಿ ಬರೆದದ್ದಲ್ಲ, ಕಂಡು ಬರೆದದ್ದು. ಕಲ್ಲು ಒಡೆಯುವುದಕ್ಕೆ ಮುಂಚೆ.”